ಪ್ರಚಾರ ಸಾಕು, ಪಟ್ಟಿ ಬರೆಯಿರಿ

ಚಿತ್ರ ಬರೆಯುವವರು, ಫೋಟೊ ತೆಗೆಯುವವರು, ಲಗ್ನಪತ್ರಿಕೆಗೂ ಅಂಗಡಿ ಬೋರ್ಡಿಗೂ ಡಿಸೈನ್ ಮಾಡುವವರು ವರ್ಷಗಟ್ಟಲೆ ದುಡಿದರೂ ಮೇಲೇಳದಿರುವುದು ಏಕೆ? ಈಗ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಅವರಿಗೆ ಮಾರ್ಕೆಟಿಂಗ್ ಗೊತ್ತಿಲ್ಲ.’ ಉದ್ಯಮಶೀಲತೆಯ ಶಿಬಿರಗಳಲ್ಲಿ ಇದೇ ಮಾತು, ಕಾಲೇಜಿನ ವಿಚಾರಸಂಕಿರಣದಲ್ಲಿ ಇದೇ ಮಾತು. ಮೊಬೈಲಿನಲ್ಲಿ ಹರಿದುಬರುವ ಪ್ರೇರಣೆಯ ವಿಡಿಯೊಗಳಲ್ಲಂತೂ ಬೇರೆ ಮಾತೇ ಇಲ್ಲ. ದಿನಕ್ಕೊಂದು ರೀಲ್ ಹಾಕು, ಫಾಲೋವರ್ಸ್ ಬೆಳೆಸಿಕೋ, ನೀನೇ ಒಂದು ಬ್ರ್ಯಾಂಡ್ ಆಗು, ಮೊದಮೊದಲು ನಾಲ್ಕು ಕೆಲಸ ಪುಕ್ಕಟೆ ಮಾಡಿಕೊಡು, ಹೆಸರಾಯಿತೆಂದರೆ ರೊಕ್ಕ ತಾನಾಗಿ ಹಿಂದೆ ಬರುತ್ತದೆ. ಕೇಳಲು ಇಂಪಾಗಿದೆ. ಬೆಂಗಳೂರಿನ ದೊಡ್ಡ ಜಾಹೀರಾತು ಕಂಪನಿಗಳಿಗೆ ಇದು ಒಪ್ಪುವುದೋ ಬಿಡುವುದೋ, ಅದು ಬೇರೆ ಚರ್ಚೆ. ಕಲಬುರಗಿಯಲ್ಲಿ, ಕಮಲಾಪುರದಲ್ಲಿ, ಇಂಥ ನೂರು ಊರುಗಳಲ್ಲಿ ಒಂದು ಕಂಪ್ಯೂಟರು, ಒಂದು ಕ್ಯಾಮೆರಾ ಇಟ್ಟುಕೊಂಡು ಹೊಟ್ಟೆ ಹೊರೆಯುವವರಿಗೆ ಮಾತ್ರ ಈ ಉಪದೇಶ ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇದು ಅವರನ್ನು ಮುಳುಗಿಸುತ್ತಿದೆ.

ನಮ್ಮ ಕಡೆಯ ಕಲಾವೃತ್ತಿಯವರಿಗೆ ಗಿರಾಕಿಯ ಬರ ಇಲ್ಲ. ಬರ ಇರುವುದು ಸಿಕ್ಕ ಗಿರಾಕಿಯಿಂದ ಬರಬೇಕಾದ ಹಣಕ್ಕೆ. ಸರಿಯಾದ ದರ ಹೇಳಲು ಬಾಯಿ ಬಾರದು, ಹೇಳಿದ ದರಕ್ಕೆ ಮುಂಗಡ ಕೇಳಲು ಸಂಕೋಚ, ಮುಗಿದ ಕೆಲಸದ ಬಾಕಿ ಕೇಳಲು ಮುಲಾಜು. ಪ್ರಚಾರದಿಂದ ಈ ಮೂರರಲ್ಲಿ ಒಂದೂ ಸರಿಹೋಗುವುದಿಲ್ಲ.

ಕೆಲಸ ಇಲ್ಲ ಎನ್ನುವವರು ಕಲಬುರಗಿಯ ವರ್ಷವನ್ನೊಮ್ಮೆ ಲೆಕ್ಕ ಹಾಕಲಿ. ಬೇಸಿಗೆಯ ಲಗ್ನದ ಮುಹೂರ್ತಗಳು ಶುರುವಾದವೆಂದರೆ ಪತ್ರಿಕೆ ಮುದ್ರಿಸುವವರಿಗೂ ಫೋಟೊದವರಿಗೂ ರಾತ್ರಿ ನಿದ್ದೆ ಇಲ್ಲ. ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1ರ ರಾಜ್ಯೋತ್ಸವ, ನಾಯಕರ ಹುಟ್ಟುಹಬ್ಬ, ಚುನಾವಣೆ, ಜೂನ್ ಬಂದರೆ ಶಾಲೆ-ಕೋಚಿಂಗ್ ಸೆಂಟರುಗಳ ಪ್ರವೇಶದ ಬ್ಯಾನರುಗಳು. ಕಪನೂರು, ನಂದೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲುಗಳ ಬೇಳೆಚೀಲದ ಮೇಲೂ ಯಾರೋ ಒಬ್ಬರು ಬರೆದ ಚಿತ್ರ, ಯಾರೋ ಒಬ್ಬರು ಜೋಡಿಸಿದ ಅಕ್ಷರ ಇರಲೇಬೇಕು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾದಾಗ ಎಷ್ಟೋ ಬೋರ್ಡುಗಳ ಮೇಲೆ ಹೊಸ ಹೆಸರು ಬರೆಯಬೇಕಾಯಿತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಾಗ ಮತ್ತೆ ಬೋರ್ಡಿನ ಕೆಲಸ. ಇವುಗಳಲ್ಲಿ ಯಾವುದನ್ನೂ ಯಾವ ಡಿಸೈನರನೂ ರೀಲ್ ಹಾಕಿ ತರಿಸಿಕೊಳ್ಳಲಿಲ್ಲ. ಊರು ಬದುಕಿರುವ ತನಕ ಈ ಕೆಲಸ ಹುಟ್ಟುತ್ತಲೇ ಇರುತ್ತದೆ.

ಹಾಗಾದರೆ ಹಣ ಎಲ್ಲಿ ಸೋರುತ್ತದೆ? ಫ್ಲೆಕ್ಸ್ ಅಂಗಡಿಗಳ ಮುಂದಿನ ಬೋರ್ಡನ್ನೇ ಓದಿ ನೋಡಿ. ‘ಡಿಸೈನ್ ಫ್ರೀ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಕಾಲದಲ್ಲಿ ಅಕ್ಷರಕ್ಕೊಂದು ದರ, ಚಿತ್ರಕ್ಕೊಂದು ದರ ಇತ್ತು. ಪೇಂಟರನ ಕೈಗೇ ಬೆಲೆ ಕಟ್ಟುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಲೆಕ್ಕ ಚದರಡಿಗೆ ಇಳಿಯಿತು. ಹಾಳೆಗೆ ಬೆಲೆ, ಮಸಿಗೆ ಬೆಲೆ, ಕಟ್ಟಿಗೆಯ ಚೌಕಟ್ಟಿಗೆ ಬೆಲೆ. ಅಷ್ಟು ಹೊತ್ತು ಕೂತು ಅಳತೆ ಹೊಂದಿಸಿ, ಫೋಟೊ ಕತ್ತರಿಸಿ, ಒತ್ತಕ್ಷರ ತಪ್ಪದ ಹಾಗೆ ನೋಡಿಕೊಂಡವನ ಕೆಲಸ ಬಿಲ್ಲಿನಲ್ಲೇ ಇಲ್ಲ. ಪಕ್ಕದ ಅಂಗಡಿಯವನಿಗಿಂತ ಮೊದಲು ಗಿರಾಕಿಯನ್ನು ಒಳಗೆ ಕರೆಯಲು ಹೂಡಿದ ತಂತ್ರ ಇದು. ಅಂದರೆ ಅಪ್ಪಟ ಮಾರ್ಕೆಟಿಂಗ್. ಒಬ್ಬ ಹಾಕಿದ, ಮರುವಾರ ಎದುರಿನವನೂ ಹಾಕಿದ; ಕಡೆಗೆ ಡಿಸೈನಿಗೆ ರೊಕ್ಕ ಕೇಳುವವನೇ ಕಳ್ಳನೆಂಬ ಹಾಗಾಯಿತು. ಮಾರ್ಕೆಟಿಂಗ್ ಸಾಲದೆಂದು ಹಲುಬುವವರು ಮೊದಲು ಇದಕ್ಕೆ ಉತ್ತರ ಹೇಳಲಿ: ಈ ವೃತ್ತಿಯ ಬೆಲೆಯನ್ನು ಸೊನ್ನೆಗಿಳಿಸಿದ್ದು ಮಾರ್ಕೆಟಿಂಗೇ ಅಲ್ಲವೇ?

ಅಂಗಡಿಯವನು ಹಾಕಿಕೊಟ್ಟ ಈ ಪಾಠವನ್ನು ಗಿರಾಕಿ ಚೆನ್ನಾಗಿಯೇ ಕಲಿತ. ‘ಕಂಪ್ಯೂಟರ್‌ದಾಗ ಎರಡ ನಿಮಿಷದ ಕೆಲಸ, ಅದಕ್ಕೇನ್ ರೊಕ್ಕ ಕೇಳ್ತೀರಿ?’ ಎನ್ನುತ್ತಾನೆ. ಸ್ವಲ್ಪ ನಯವಾದವನಾದರೆ, ‘ಈ ಸಲ ಮಾಡಿಕೊಡ್ರಿ ಅಣ್ಣಾರ, ನಮ್ಮ ಕಾರ್ಯಕ್ರಮಕ್ಕ ದೊಡ್ಡ ದೊಡ್ಡ ಮಂದಿ ಬರ್ತಾರ, ನಿಮ್ಮ ಹೆಸರಾಗ್ತದ’ ಎನ್ನುತ್ತಾನೆ. ಹೆಸರಾಗುತ್ತದೆ ಎಂಬ ಈ ಆಮಿಷ ಇಷ್ಟು ಸಲೀಸಾಗಿ ನಾಟುವುದು ಏಕೆಂದರೆ ಶಿಬಿರದಲ್ಲಿ ಉಪದೇಶಕರು ಹೇಳಿಕೊಟ್ಟಿದ್ದೂ ಅದನ್ನೇ. ಗಿರಾಕಿಯ ಜಿಪುಣತನವೂ ಗುರುವಿನ ಉಪದೇಶವೂ ಒಂದೇ ಮಾತಾಡಿದರೆ ಇಪ್ಪತ್ತೆರಡರ ಹುಡುಗ ಯಾರನ್ನು ಎದುರಿಸಬೇಕು? ಉದ್ಯಮ ಕಲಿಸುವ ಶಿಬಿರದ ವೇದಿಕೆಯ ಹಿಂದೆ ಕಟ್ಟಿದ ಬ್ಯಾನರಿನ ಡಿಸೈನಿಗೆ ಎಷ್ಟು ಕೊಟ್ಟಿರಿ ಎಂದು ಸಂಘಟಕರನ್ನು ಒಮ್ಮೆ ಕೇಳಿ ನೋಡಿ. ಚದರಡಿಯ ಲೆಕ್ಕ ಹೇಳುತ್ತಾರೆ.

ಪುಕ್ಕಟೆ ಕೆಲಸದಿಂದ ಹೆಸರು ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ; ಬರುತ್ತದೆ. ‘ಅವ ಪುಕ್ಕಟೆ ಮಾಡಿಕೊಡ್ತಾನ’ ಎಂಬ ಹೆಸರು ಬರುತ್ತದೆ. ಆ ಹೆಸರು ಕೇಳಿಕೊಂಡು ಬರುವವರು ಎಂಥವರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡಿಸೈನರನೊಬ್ಬ ಒಂದು ಹೊಸ ಬಟ್ಟೆ ಅಂಗಡಿಗೆ ಲೋಗೊ, ಕಾರ್ಡು, ಬೋರ್ಡಿನ ಡಿಸೈನ್ ಸೇರಿ 2,000 ರೂಪಾಯಿಗೆ ಒಪ್ಪಿಕೊಂಡಿದ್ದಾನೆ ಎನ್ನಿ. ಮಾಲೀಕರ ಜೊತೆ ಎರಡು ಸಲ ಮಾತುಕತೆ, ಮೂರು ನಮೂನೆ, ಅವರ ಮಗನಿಗೆ ಬಣ್ಣ ಹಿಡಿಸಲಿಲ್ಲವೆಂದು ಒಂದು ತಿದ್ದುಪಡಿ, ಅಳಿಯನಿಗೆ ಅಕ್ಷರ ಹಿಡಿಸಲಿಲ್ಲವೆಂದು ಇನ್ನೊಂದು. ಎಲ್ಲ ಸೇರಿ ಇಪ್ಪತ್ತು ತಾಸು ಹಿಡಿಯಿತು. ತಾಸಿಗೆ 100 ರೂಪಾಯಿ ಬಿತ್ತು. ಅದರಲ್ಲಿ ಮಳಿಗೆಯ ಬಾಡಿಗೆ, ಕರೆಂಟು, ಇಂಟರ್‌ನೆಟ್, ಸಾಫ್ಟ್‌ವೇರಿನ ಚಂದಾ, ಕಂಪ್ಯೂಟರಿನ ಸವಕಳಿ ಕಳೆದರೆ ಉಳಿಯುವುದು ಅರ್ಧವೋ ಇನ್ನೂ ಕಡಿಮೆಯೋ. ಆ ಅಂಗಡಿ ಕಟ್ಟಿದ ಗೌಂಡಿ ಸಂಜೆ ತನ್ನ ಕೂಲಿ ಎಣಿಸಿಕೊಂಡು ಮನೆಗೆ ಹೋಗಿದ್ದಾನೆ. ಇವನು 1,000 ಇಸಿದುಕೊಂಡು ಉಳಿದದ್ದಕ್ಕೆ ದೀಪಾವಳಿಯವರೆಗೆ ಎಡತಾಕುತ್ತಿದ್ದಾನೆ. ಈಗ ರೀಲ್ ಹಾಕಿಸಿ ಅವನಿಗೆ ಇಂಥ ಹತ್ತು ಗಿರಾಕಿಗಳನ್ನು ತಂದುಕೊಡಿ. ತಿಂಗಳಿಗೆ ಇನ್ನೂರು ತಾಸಿನ ದುಡಿಮೆ, ಹತ್ತು ಕಡೆ ಅರ್ಧರ್ಧ ಬಾಕಿ. ರೀಲ್ ಮಾಡಲು ಹಿಡಿದ ಹೊತ್ತು ಬೇರೆ. ಅದಕ್ಕೆ ಯಾರೂ ರೊಕ್ಕ ಕೊಡುವುದಿಲ್ಲ. ಒಂದು ಕೆಲಸದಲ್ಲಿ ನಷ್ಟವಿದ್ದರೆ ಹತ್ತು ಕೆಲಸದಲ್ಲಿ ಹತ್ತರಷ್ಟು ನಷ್ಟ ಎಂಬುದು ಸಂತೆಯಲ್ಲಿ ಕೊತ್ತಂಬರಿ ಮಾರುವ ಅಜ್ಜಿಗೂ ಗೊತ್ತು.

ಹೆಸರೊಂದಿದ್ದರೆ ಸಾಕು ಎನ್ನುವವರು ಕಮಲಾಪುರದವರೆಗೆ ಹೋಗಿ ಬರಲಿ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿ.ಮೀ. ದೂರ. ಅಲ್ಲಿನ ಕೆಂಪು ಬಾಳೆಗೆ ಇಲ್ಲದ ಹೆಸರಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅಂದರೆ ಆ ಹೆಸರಿಗೆ ಕಾನೂನಿನ ಕಾವಲೂ ಇದೆ. ಪತ್ರಿಕೆಗಳಲ್ಲಿ ಬಂದಿದೆ, ಮೇಳಗಳಲ್ಲಿ ಮೆರೆದಿದೆ, ಶ್ರೀಮಂತರ ಹಣ್ಣು ಎನಿಸಿಕೊಂಡಿದೆ. ಪುಟ್ಟ ಕಸುಬಿನವನೊಬ್ಬ ಜೀವಮಾನವಿಡೀ ರೀಲ್ ಮಾಡಿದರೂ ಗಳಿಸಲಾಗದಷ್ಟು ಪ್ರಚಾರ ಅದು. ಇಷ್ಟಾದರೂ ಆ ಬಾಳೆಯ ಹೊಲಗಳು ಕುಗ್ಗುತ್ತಿವೆ ಎಂಬ ಕೊರಗು ವರ್ಷಗಳಿಂದ ಕೇಳಿಬರುತ್ತಿದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಾಮಾನ್ಯ ಬಾಳೆ ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಕೆಂಪು ಬಾಳೆಗೆ ಒಂದೂವರೆ ವರ್ಷ ಬೇಕು. ಆ ಹೆಚ್ಚಿನ ತಿಂಗಳುಗಳ ನೀರು, ಗೊಬ್ಬರ, ಆಳಿನ ಕೂಲಿ, ಗಾಳಿಮಳೆಯ ಭಯ ಎಲ್ಲವನ್ನೂ ಆ ಗೊನೆಯ ಬೆಲೆಯೇ ಹೊರಬೇಕು. ಹೊರದಿದ್ದರೆ ರೈತ ಏನು ಮಾಡುತ್ತಾನೆ? ಹೆಸರಿಗೆ ಕೈಮುಗಿದು ಬೇರೆ ಬೆಳೆ ಹಾಕುತ್ತಾನೆ. ಹಿಡಿದ ಕಾಲದ ಬೆಲೆಯನ್ನು ಹೆಸರು ಕೊಡಿಸದಿದ್ದರೆ ಆ ಹೆಸರು ಹೊಗಳಿಕೆಯಾಗಿ ಉಳಿಯುತ್ತದೆ, ಆದಾಯವಾಗುವುದಿಲ್ಲ. ಕಲಾವೃತ್ತಿಯವನೂ ಬೆಳೆಯುವುದು ಕಾಲವನ್ನೇ. ಅವನ ಸರಕೆಂದರೆ ತಾಸುಗಳು.

ಇಲ್ಲಿಗೆ ಎದುರು ಪಕ್ಷದವರು ಕಲಬುರಗಿಯದೇ ಇನ್ನೊಂದು ಉದಾಹರಣೆ ಎತ್ತಬಹುದು. ‘ಕಲಬುರಗಿ ರೊಟ್ಟಿ’ ನೋಡಿ ಎಂದಾರು. ಸರಿ, ನೋಡೋಣ. ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳನ್ನು ಜಿಲ್ಲಾಡಳಿತ ಒಂದೇ ಹೆಸರಿನಡಿ ತಂದಿತು. 2025ರ ಜೂನ್ ತಿಂಗಳ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರೂ ಅದನ್ನು ಪ್ರಸ್ತಾಪಿಸಿದರು. ಬ್ರ್ಯಾಂಡಿನ ಗೆಲುವು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಬ್ರ್ಯಾಂಡು ಹುಟ್ಟುವ ಎಷ್ಟೋ ವರ್ಷ ಮೊದಲೇ ನಮ್ಮ ಕಡೆ ರೊಟ್ಟಿಗೆ ಎಣಿಕೆ ಇತ್ತು, ಎಣಿಕೆಗೊಂದು ದರ ಇತ್ತು. ಖಾನಾವಳಿಯವರು ತರಿಸಿಕೊಂಡರೂ ಲಗ್ನದವರು ತರಿಸಿಕೊಂಡರೂ ನೂರಕ್ಕಿಷ್ಟು ಎಂಬ ಮಾತು ಮೊದಲೇ ಆಗುತ್ತಿತ್ತು. ‘ಮೊದಲ ಐವತ್ತು ರೊಟ್ಟಿ ಪುಕ್ಕಟೆ, ನನ್ನ ಹೆಸರಾದರೆ ಸಾಕು’ ಎಂದ ತಾಯಿಯನ್ನು ನಾನು ಕಂಡಿಲ್ಲ. ದರ ಮೊದಲು ಗಟ್ಟಿಯಾಗಿತ್ತು, ಹೆಸರು ಆಮೇಲೆ ಬಂತು. ಹಾಗಾಗಿಯೇ ಹೆಸರು ಉಪಯೋಗಕ್ಕೆ ಬಂತು. ಜೊತೆಗೆ, ಆ ಹೆಸರನ್ನು ಒಬ್ಬೊಬ್ಬ ಹೆಣ್ಣುಮಗಳೂ ತನ್ನ ನಿದ್ದೆಗೆಟ್ಟು ಕಟ್ಟಿದ್ದಲ್ಲ; ಗುಂಪು ಕಟ್ಟಿದ್ದು, ಆಡಳಿತ ಬೆನ್ನಿಗೆ ನಿಂತದ್ದು.

ಇನ್ನು ಎಸ್.ಎಂ. ಪಂಡಿತರು. ಕಲಾವಿದನ ಮಾರ್ಕೆಟಿಂಗ್ ಕುರಿತು ಕಲಬುರಗಿಯಲ್ಲಿ ಯಾರೇ ಮಾತಾಡಿದರೂ ಈ ಹೆಸರು ಬಾರದೆ ಇರದು; ರಂಗಮಂದಿರಕ್ಕೇ ಅವರ ಹೆಸರಿದೆ. 1916ರಲ್ಲಿ ಇಲ್ಲಿ ಹುಟ್ಟಿ, ಶಂಕರರಾವ್ ಆಳಂದಕರರ ಬಳಿ ಕುಂಚ ಹಿಡಿದು, ಮದ್ರಾಸಿನಲ್ಲಿ ಕಲಿತು, ಮುಂಬೈ ಸೇರಿದವರು. ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಚಿತ್ರಗಳಿಗೆ ಪ್ರಚಾರಚಿತ್ರ ಬರೆದರು. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ, 1949ರ ‘ಬರ್ಸಾತ್’ಗೆ ಪೋಸ್ಟರ್, ಆಮೇಲೆ ದೇಶದ ಮೂಲೆಮೂಲೆಯ ಗೋಡೆಗೆ ಹೋದ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳು. ‘ನೋಡಿ, ಅವರು ಕೋಣೆಯಲ್ಲಿ ಕೂತು ಗಿರಾಕಿಗೆ ಕಾಯಲಿಲ್ಲ, ತಮ್ಮನ್ನು ಲೋಕಕ್ಕೆ ತೋರಿಸಿಕೊಂಡರು’ ಎಂದು ವೇದಿಕೆಯಲ್ಲಿ ಹೇಳುವುದುಂಟು. ಈ ಮಾತು ವಿಷಯವನ್ನೇ ತಲೆಕೆಳಗು ಮಾಡುತ್ತದೆ. ಪಂಡಿತರು ತಮ್ಮ ಪ್ರಚಾರ ಮಾಡಲಿಲ್ಲ. ಸಿನಿಮಾದವರ ಪ್ರಚಾರ, ಕಾರ್ಖಾನೆಯವರ ಪ್ರಚಾರ ಮಾಡಿದರು, ಅದೇ ಅವರ ಉದ್ಯೋಗವಾಗಿತ್ತು. ಆ ಕ್ಯಾಲೆಂಡರುಗಳ ಮೂಲೆಯ ಸಹಿ ಲಕ್ಷಾಂತರ ಮನೆ ತಲುಪಿದ್ದು ಕಾಸು ಕೊಟ್ಟು ಮಾಡಿಸಿಕೊಂಡ ಕೆಲಸದ ಬೆನ್ನೇರಿ. ಮುಂಬೈ ಅವರಿಗೆ ಕೊಟ್ಟ ದೊಡ್ಡ ವಸ್ತು ಪ್ರೇಕ್ಷಕರಲ್ಲ, ಚಿತ್ರ ಬರೆಸಿಕೊಂಡು ಹಣ ಕೊಡುವ ಒಂದು ಉದ್ಯಮ. ಇಂದಿನ ಹುಡುಗನಿಗೆ ನಾವು ಪ್ರೇಕ್ಷಕರನ್ನು ತೋರಿಸುತ್ತಿದ್ದೇವೆ, ಹಣ ಕೊಡುವವರನ್ನು ಬಚ್ಚಿಡುತ್ತಿದ್ದೇವೆ.

ಹೆಸರಿನ ಶಿಖರದಲ್ಲಿದ್ದವರೂ ಲೆಕ್ಕದಲ್ಲಿ ಎಡವಿದ್ದಕ್ಕೆ ರಾಜಾ ರವಿವರ್ಮರ ಕತೆಯೇ ಸಾಕು. 1894ರಲ್ಲಿ ಅವರು ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದಾಗ ಅವರಿಗಿಂತ ಪ್ರಸಿದ್ಧನಾದ ಚಿತ್ರಕಾರ ಈ ದೇಶದಲ್ಲಿರಲಿಲ್ಲ. ಅವರ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ದೇವರಕೋಣೆಗೆ ಬಂದರು. ಮುದ್ರಣಾಲಯ ಮಾತ್ರ ಸಾಲದಲ್ಲಿ ಸಿಕ್ಕಿಬಿದ್ದು ಕೆಲವೇ ವರ್ಷಗಳಲ್ಲಿ ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ರವಿವರ್ಮರಿಗೆ ಮಾರ್ಕೆಟಿಂಗ್ ಗೊತ್ತಿರಲಿಲ್ಲ ಎನ್ನಲು ಯಾರಿಗಾದರೂ ಬಾಯಿ ಬಂದೀತೆ?

ಪ್ರಚಾರವಾದಿಗಳ ಎದುರು ದನಿ ಎತ್ತಿದೆನೆಂದು ಇನ್ನೊಂದು ಗುಂಪು ನನ್ನನ್ನು ತಮ್ಮವನೆಂದುಕೊಳ್ಳುವುದು ಬೇಡ. ನಿಜವಾದ ಕಲಾವಿದ ತನ್ನ ಹೆಸರು ಹೇಳಿಕೊಳ್ಳಬಾರದು, ದರದ ಮಾತಾಡಬಾರದು, ಕಾಯಕವೆಂದು ಮಾಡುತ್ತ ಹೋಗಬೇಕು ಎನ್ನುವ ಸಾತ್ವಿಕರು ಅವರು. ಬೇಲೂರಿನ ಗೋಡೆಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವರೆಂಬಂಥ ಬಿರುದುಗಳನ್ನೂ ಹೊಯ್ಸಳ ಶಿಲ್ಪಿಗಳು ಸಂಕೋಚವಿಲ್ಲದೆ ಬರೆದುಕೊಂಡಿದ್ದಾರೆ. ಹೆಸರು ಹೇಳಿಕೊಳ್ಳುವುದು ನಮ್ಮ ಪರಂಪರೆಗೆ ಹೊರಗಿನದಲ್ಲ. ಕಾಯಕದ ಮಾತಿಗೆ ಬಂದರೆ, ಶರಣರ ಕಾಯಕ ಪುಕ್ಕಟೆ ಚಾಕರಿಯಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಂದಿರುಗಿಸಲು ಹೇಳಿದಳು ಎಂಬ ಕತೆ ಎಲ್ಲರಿಗೂ ಗೊತ್ತು. ಅವಳು ಬೇಡವೆಂದದ್ದು ಮಿಕ್ಕಿದ್ದನ್ನು, ದಕ್ಕಬೇಕಾದ್ದನ್ನಲ್ಲ. ದಾಸೋಹ ಮಾಡಬೇಕಾದರೂ ಮೊದಲು ಮನೆಗೆ ಅಕ್ಕಿ ಬರಬೇಕು. ಮಠದ ಹೆಸರಲ್ಲಿ, ಸಮಾಜದ ಹೆಸರಲ್ಲಿ, ಕನ್ನಡದ ಹೆಸರಲ್ಲಿ ಡಿಸೈನರನ ಕೈಯಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡು ಶಾಲು ಹೊದಿಸಿ ಕಳಿಸುವವರು ಶರಣರ ಹೆಸರೆತ್ತದಿರುವುದು ಒಳ್ಳೆಯದು. ಪೆಂಡಾಲಿನವನಿಗೂ ಮೈಕಿನವನಿಗೂ ಅಡುಗೆಯವನಿಗೂ ಕಾಸು ಕೊಟ್ಟವರೇ ಇವನಿಗೆ ಶಾಲು ಹೊದಿಸುತ್ತಾರೆ. ಬಾಡಿಗೆ ಕೇಳುವ ಮಳಿಗೆಯ ಮಾಲೀಕ ಶಾಲು ಒಪ್ಪಿಕೊಳ್ಳುವುದಿಲ್ಲ.

ರೋಗದ ಮೂಲ ಉದ್ರಿ. ಉದ್ರಿಯಿಲ್ಲದೆ ವ್ಯಾಪಾರ ಇಲ್ಲ ಎಂಬುದೂ ನಿಜ. ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿನಲ್ಲೂ ಉದ್ರಿ ಉಂಟು. ಆದರೆ ಗಂಜಿನ ಉದ್ರಿಗೆ ದಿನ ಉಂಟು, ಬಡ್ಡಿ ಉಂಟು, ವಹಿಯಲ್ಲಿ ಬರಹ ಉಂಟು. ತೊಗರಿ ಬಂದಾಗ ಸವಾಲು ಕೂಗಿ, ತೂಕ ಹಾಕಿ, ಪಟ್ಟಿ ಬರೆದು ಕೈಗೆ ಕೊಡುತ್ತಾರೆ. ಆ ಪಟ್ಟಿಯಲ್ಲಿ ಹಮಾಲಿಯೂ ಬಿಡದೆ ನಮೂದಾಗುತ್ತದೆ. ಅದೇ ಗಂಜಿನ ವ್ಯಾಪಾರಿ ತನ್ನ ಬೇಳೆಚೀಲದ ಮೇಲಿನ ಚಿತ್ರ ಬರೆಸುವಾಗ ಪಟ್ಟಿ ಇಲ್ಲ, ದಿನ ಇಲ್ಲ, ‘ಮಾಡ್ರಿ, ನೋಡೂಣು’ ಎಂಬ ಬಾಯಿಮಾತು. ಅವನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಎದುರಿಗೆ ಕೂತವನು ಪಟ್ಟಿ ಬರೆಯಲಿಲ್ಲ, ಅವನು ಕೊಡಲಿಲ್ಲ. ಲೆಕ್ಕ ಬಲ್ಲ ಈ ಊರಿನಲ್ಲಿ ಲೆಕ್ಕ ಬರೆಯದವರು ಕಲಾವೃತ್ತಿಯವರು ಮಾತ್ರ. ಅವರಿಗೆ ಕಲಿಸಬೇಕಾದದ್ದು ಇದನ್ನು, ನಾವು ಕಲಿಸುತ್ತಿರುವುದು ರೀಲ್.

ಬರೆದಿಟ್ಟರೆ ಕಾನೂನೂ ಜೊತೆಗಿದೆ. ಶಿಬಿರಗಳಲ್ಲಿ ಇದನ್ನು ಹೇಳಿದ್ದು ನಾನು ಕೇಳಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಸರಕು ಮಾರುವವನಿಗಷ್ಟೇ ಅಲ್ಲ, ಸೇವೆ ಕೊಡುವವನಿಗೂ ಅನ್ವಯ. 2020ರಿಂದ ಉದ್ಯಮ್ ನೋಂದಣಿಯನ್ನು ಆಧಾರ್ ಸಂಖ್ಯೆಯೊಂದಿಗೆ ಮೊಬೈಲಿನಲ್ಲೇ, ಕಾಸು ಖರ್ಚಿಲ್ಲದೆ ಮಾಡಿಕೊಳ್ಳಬಹುದು. ನೋಂದಾಯಿಸಿದ ಸಣ್ಣ ಉದ್ಯಮಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಸಲ್ಲಬೇಕು. ಆ ಗಡುವು ಯಾವ ಕಾರಣಕ್ಕೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಬಿಗಿ ಹಾಕಿತು: ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವ ವ್ಯಾಪಾರಿ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ, ನಿಜಕ್ಕೂ ಕೊಟ್ಟ ವರ್ಷವೇ ತೋರಿಸಬೇಕು. ಮಿಲ್ಲಿನ ಮಾಲೀಕರ ಲೆಕ್ಕಪರಿಶೋಧಕರಿಗೆ ಇದು ಚೆನ್ನಾಗಿ ಗೊತ್ತು. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಆ ಬಿಲ್ಲನ್ನು ನೋಡುವ ಕಣ್ಣೇ ಬೇರೆ.

ಹಕ್ಕುಸ್ವಾಮ್ಯದ ಮಾತೂ ಅಷ್ಟೇ ಮುಖ್ಯ. 1957ರ ಕಾಯ್ದೆಯ ಪ್ರಕಾರ, ಹಣ ಪಡೆದು ಇನ್ನೊಬ್ಬರಿಗಾಗಿ ತೆಗೆದ ಫೋಟೊ, ಬರೆದ ಚಿತ್ರ ಅಥವಾ ಭಾವಚಿತ್ರದ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿಕೊಂಡವರದು. ಸ್ಟುಡಿಯೊದವನು ತೆಗೆದ ಚಿತ್ರವನ್ನು ಮುಂದೆ ಬೇರೆಡೆ ಬಳಸಬೇಕೆಂದಿದ್ದರೆ ಮೊದಲೇ ಬರೆಸಿಕೊಂಡಿರಬೇಕು. ಇನ್ನು, ಯಾವುದೇ ಕೃತಿಯಲ್ಲಿ ತನಗಿರುವ ಹಕ್ಕನ್ನು ಅದರ ಒಡೆಯ ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಒಂದು ಪುಟದ ಕಾಗದ ಇದ್ದರೆ ಯಾವುದು ಯಾರದೆಂದು ತಿಳಿಯುತ್ತದೆ; ಇಲ್ಲದಿದ್ದರೆ ಒಂದು ಹಬ್ಬಕ್ಕೆಂದು ಬರೆದ ಚಿತ್ರ ಹತ್ತು ಊರಿನ ಬ್ಯಾನರಿನಲ್ಲಿ ಕಾಣಿಸಿಕೊಂಡಾಗ ಹಲ್ಲು ಕಡಿಯುವುದೊಂದೇ ಉಳಿಯುವುದು.

ಪ್ರಚಾರವಾದಿಗಳ ವಾದದಲ್ಲಿ ಗಟ್ಟಿಯಾದದ್ದು ಒಂದಿದೆ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಕಮಲಾಪುರದ ಹುಡುಗಿಯೊಬ್ಬಳು ಬರೆದ ಚಿತ್ರವನ್ನು ಮೊಬೈಲಿನಲ್ಲಿ ಕಂಡು ಪುಣೆಯವರೋ ಬೆಂಗಳೂರಿನವರೋ ಕೆಲಸ ಕೊಡುವುದು ಈಗ ಸಾಧ್ಯ. ಹಿಂದೆ ಅದಕ್ಕೆ ಊರು ಬಿಡಬೇಕಿತ್ತು. ಮನೆಯಿಂದ ಹೊರಗೆ ಹೋಗಿ ಗಿರಾಕಿ ಹುಡುಕಲಾಗದ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಹುಡುಕಿ ಬಂದವರಿಗೆ ಸಿಗುವಂತಿರಬೇಕು, ಮಾಡಿದ ಕೆಲಸ ನಾಲ್ಕು ಕಾಣಬೇಕು, ಫೋನ್ ನಂಬರು ಇರಬೇಕು, ಯಾವ ಕೆಲಸಕ್ಕೆ ದರ ಎಲ್ಲಿಂದ ಶುರು ಎಂಬುದೂ ಇರಬೇಕು. ಇಷ್ಟನ್ನು ಎರಡು ದಿನ ಕೂತು ಸಜ್ಜು ಮಾಡಬಹುದು. ಆಮೇಲೆ ತಿಂಗಳಿಗೊಮ್ಮೆ ಕೈಯಾಡಿಸಿದರೆ ಸಾಕು. ಅದರಾಚೆ ದಿನದಿನವೂ ಕುಣಿಯುತ್ತಿರುವುದು ಸಾಮಾಜಿಕ ಜಾಲತಾಣದ ಕಂಪನಿಗಳಿಗೆ ನಾವು ಮಾಡುವ ಬಿಟ್ಟಿ ಚಾಕರಿ. ಅವರು ತೋರಿಸಿದರೆ ಕಾಣುತ್ತೇವೆ, ನಾಳೆ ನಿಯಮ ಬದಲಿಸಿದರೆ ಮರೆಯಾಗುತ್ತೇವೆ. ದೂರದ ಗಿರಾಕಿಗೂ ಇದೇ ಮಾತು ಅನ್ವಯ: ಮುಂಗಡವಿಲ್ಲದೆ ಒಪ್ಪಿಕೊಂಡ ಪುಣೆಯ ಕೆಲಸದ ಬಾಕಿ ವಸೂಲಿಗೆ ರೈಲು ಹತ್ತಲಾಗುವುದಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು: ದರ ಗಟ್ಟಿ ಹಿಡಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಹೋಗುತ್ತಾನೆ, ಕೆಲವರು ಹೋಗಲಿ. ಕೊಡುವ ಮನಸ್ಸಿಲ್ಲದವನು ಎದುರಿನ ಅಂಗಡಿಗೆ ಹೋದರೆ ನಷ್ಟವೂ ಅಲ್ಲಿಗೇ ಹೋಯಿತು. ಉಳಿಯುವವರು ಯಾರು ಎಂಬುದನ್ನು ನೋಡಬೇಕು. ಪ್ರತಿ ವರ್ಷ ಪ್ರವೇಶದ ಪುಸ್ತಿಕೆ ಮಾಡಿಸುವ ಶಾಲೆ, ಪ್ರತಿ ಹಂಗಾಮಿಗೆ ಚೀಲ ಅಚ್ಚುಹಾಕಿಸುವ ಮಿಲ್ಲು, ಹಿರಿಮಗಳ ಲಗ್ನದ ಫೋಟೊ ತೆಗೆಸಿ ಕಿರಿಮಗಳ ಲಗ್ನಕ್ಕೂ ಕರೆಯುವ ಮನೆ. ಇಂಥ ಇಪ್ಪತ್ತು ಖಾತೆ ಇದ್ದರೆ ಕಲಬುರಗಿಯಲ್ಲಿ ಒಂದು ಸಂಸಾರ ನೆಮ್ಮದಿಯಾಗಿ ನಡೆಯುತ್ತದೆ. ಇವರು ಮತ್ತೆ ಮತ್ತೆ ಬರುವುದು ಹೇಳಿದ ದಿನಕ್ಕೆ ಹೇಳಿದ ಕೆಲಸ ಕೈಗೆ ಸಿಗುವುದರಿಂದ. ಯಾರಿಗೆ ಎಷ್ಟು ಲೈಕ್ ಬಿದ್ದಿತೆಂದು ಇವರು ನೋಡುವುದಿಲ್ಲ. ನಮ್ಮ ಭಾಗದ ಎಷ್ಟೋ ತಾಲ್ಲೂಕುಗಳಲ್ಲಿ ಫೋಟೊಗ್ರಾಫರುಗಳ ಸಂಘಗಳಿವೆ. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಹಾರ-ತುರಾಯಿಗೆ ಸೇರುವ ಈ ಸಂಘಗಳು ಒಂದು ಕರಾರುಪತ್ರದ ಮಾದರಿ ಅಚ್ಚುಹಾಕಿ ಹಂಚಲಿ. ದರ ಎಷ್ಟೆಂಬುದು ಅವರವರಿಗೆ ಬಿಟ್ಟದ್ದು. ಏನು ಕೆಲಸ, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ಮೂಲ ಫೈಲು ಯಾವಾಗ, ತಡವಾದರೆ ಬಡ್ಡಿ ಏನು ಎಂಬ ಐದು ಸಾಲು ಅದರಲ್ಲಿದ್ದರೆ ಸಾಕು. ಎಲ್ಲರ ಮೇಜಿನ ಮೇಲೂ ಅದೇ ಕಾಗದ ಇದ್ದಾಗ ‘ಎದುರಿನವ ಹಂಗೇ ಮಾಡಿಕೊಡ್ತಾನ’ ಎಂಬ ಮಾತಿಗೆ ಬಲ ಇರುವುದಿಲ್ಲ.

ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯದಂಥ ಕಲಾಶಾಲೆಗಳಿರುವ ಊರು ಇದು. ಅಲ್ಲಿ ಕಲಿತು ಹೊರಬೀಳುವವರಿಗೆ ವರ್ಣಸಂಯೋಜನೆ ಗೊತ್ತು, ಮಾನವ ದೇಹದ ಪ್ರಮಾಣ ಗೊತ್ತು. ಒಂದು ಕೊಟೇಶನ್ ಬರೆಯುವುದನ್ನು ಅಷ್ಟೇ ಅಕ್ಕರೆಯಿಂದ ಕಲಿಸಬೇಕು. ಪಾಠಪಟ್ಟಿಯಲ್ಲಿ ಒಂದು ಪತ್ರಿಕೆ ಹೆಚ್ಚಿದರೆ ಕಲೆ ಮಲಿನವಾಗುವುದಿಲ್ಲ.

ಕಲಿಯುವ ಪಾಲು ಕಲಾವಿದನದಾದರೆ ಕೊಡುವ ಪಾಲು ನಮ್ಮದು. ‘ನಮ್ಮ ಹುಡುಗರಿಗೆ ಮಾರ್ಕೆಟಿಂಗ್ ಬರೂದಿಲ್ರೀ’ ಎಂದು ಮರುಗುವವರಲ್ಲಿ ಕಚೇರಿಯವರಿದ್ದಾರೆ, ಸಂಸ್ಥೆಯವರಿದ್ದಾರೆ, ಮಿಲ್ಲಿನವರಿದ್ದಾರೆ, ಲಗ್ನದ ಮನೆಯವರಿದ್ದಾರೆ. ಈ ಮರುಕ ಬಹಳ ಅನುಕೂಲದ್ದು. ತಪ್ಪನ್ನು ದುಡಿದವನ ತಲೆಗೆ ಕಟ್ಟಿದರೆ ನಮ್ಮ ಬಾಕಿಯ ಮಾತು ಮೇಲೇಳುವುದೇ ಇಲ್ಲ. 1930ರ ದಶಕದ ಕಲಬುರಗಿ ನಿಜಾಮರ ಸಂಸ್ಥಾನದ ಒಂದು ಮೂಲೆಯ ಊರು, ಎಸ್.ಎಂ. ಪಂಡಿತರಂಥ ಕೈಗೆ ಆಗ ಇಲ್ಲಿ ಸಾಕಷ್ಟು ಕೆಲಸ ಸಿಗುವಂತಿರಲಿಲ್ಲ, ಅವರು ಮುಂಬೈಗೆ ಹೋದರು. ಇಂದು ಇಲ್ಲಿ ಕೆಲಸ ಇದೆ, ಮಾಡುವ ಕೈಯೂ ಇದೆ. ಇನ್ನೂ ಒಬ್ಬ ಒಳ್ಳೆಯ ಡಿಸೈನರ್ ಅಂಗಡಿ ಮುಚ್ಚಿ ಹೈದರಾಬಾದಿನ ರೈಲು ಹತ್ತಿದರೆ ಅದಕ್ಕೆ ಅವನ ಮಾರ್ಕೆಟಿಂಗ್ ಕಾರಣವಲ್ಲ, ನಾವು ಕೊಡದೆ ಉಳಿಸಿಕೊಂಡ ಹಣ ಕಾರಣ.